ಹೊರಗೆ ಎಲ್ಲ ಸರಿಯಿದ್ದ ಹುಡುಗ

ಜಾನ್ ಸ್ಟುವರ್ಟ್ ಮಿಲ್ ಅಂದ್ರೆ 1859ರಲ್ಲಿ 'ಆನ್ ಲಿಬರ್ಟಿ' ಬರೆದ ದೊಡ್ಡ ಚಿಂತಕ ಅಂತ ಕೆಲವರು ಕೇಳಿರ್ತೀರಿ. ಅವನ ಇಪ್ಪತ್ತನೇ ವಯಸ್ಸಿನ ಕಥೆ ಮಾತ್ರ ನಮ್ಮ ಹಾಸ್ಟೆಲ್ ರೂಮಿಗೆ ತುಂಬಾ ಹತ್ತಿರದ್ದು.

ಮಿಲ್ ಹುಟ್ಟಿದ್ದು 1806ರಲ್ಲಿ, ಲಂಡನ್ನಿನಲ್ಲಿ. ಅಪ್ಪ ಜೇಮ್ಸ್ ಮಿಲ್ ಅವನನ್ನು ಶಾಲೆಗೆ ಕಳಿಸಲಿಲ್ಲ, ತಾನೇ ಪಾಠ ಹೇಳಿದ. 3ನೇ ವಯಸ್ಸಿಗೆ ಗ್ರೀಕ್, 8ಕ್ಕೆ ಲ್ಯಾಟಿನ್, 12ಕ್ಕೆ ತರ್ಕಶಾಸ್ತ್ರ, 13ಕ್ಕೆ ಅರ್ಥಶಾಸ್ತ್ರ. ರಜೆ ಇಲ್ಲ, ಓರಗೆಯ ಹುಡುಗರ ಜೊತೆ ಆಟ ಇಲ್ಲ. ಕಲಿತದ್ದನ್ನು ತಮ್ಮ ತಂಗಿಯರಿಗೆ ಕಲಿಸೋ ಕೆಲಸ ಬೇರೆ. 17ಕ್ಕೆ ಈಸ್ಟ್ ಇಂಡಿಯಾ ಕಂಪನಿಯಲ್ಲಿ, ಅಪ್ಪನ ಕೈಕೆಳಗೇ ನೌಕರಿ. ನಮ್ಮ ಲೆಕ್ಕದಲ್ಲಿ ಟಾಪರ್, ಪ್ಲೇಸ್‌ಮೆಂಟೂ ಆಗಿಹೋಗಿತ್ತು.

ಸಮಾಜವನ್ನು ಸುಧಾರಿಸಬೇಕು ಅನ್ನೋದೇ ಅವನ ಬದುಕಿನ ಗುರಿ. 1826ರಲ್ಲಿ ಒಂದು ದಿನ ಅವನು ತನ್ನನ್ನೇ ಕೇಳಿಕೊಂಡ: ಅಂದುಕೊಂಡ ಸುಧಾರಣೆಗಳೆಲ್ಲ ಈಗಲೇ ಆಗಿಬಿಟ್ರೆ ನನಗೆ ಸಂತೋಷ ಆಗುತ್ತಾ? ಒಳಗಿಂದ ಬಂದ ಉತ್ತರ, ಇಲ್ಲ. ಅಲ್ಲಿಗೆ ಅವನು ಕುಸಿದುಹೋದ.

ಆದರೂ ಆ ಚಳಿಗಾಲವಿಡೀ ಕೆಲಸ ನಿಲ್ಲಲಿಲ್ಲ. ಯಂತ್ರದ ಹಾಗೆ ಎಲ್ಲವನ್ನೂ ಮಾಡ್ತಾ ಹೋದ. ಅಟೆಂಡೆನ್ಸ್ ನೋಡಿದ್ರೆ ಏನೂ ಗೊತ್ತಾಗ್ತಿರಲಿಲ್ಲ ಅನ್ನಿ. ಯಾರಿಗಾದ್ರೂ ಹೇಳಿಕೊಳ್ಳೋಣ ಅಂದ್ರೆ ಅಂಥ ಆಪ್ತರು ಯಾರೂ ಇಲ್ಲ ಅನ್ನಿಸ್ತು. ಅಪ್ಪನಿಗಂತೂ ಇದು ಅರ್ಥವೇ ಆಗಲ್ಲ ಅಂದುಕೊಂಡ. ತನ್ನ ಇಡೀ ಪ್ರಯೋಗ ಸೋತಿತು ಅಂತ ಅಪ್ಪನಿಗೆ ನೋವು ಕೊಡೋದೂ ಅವನಿಗೆ ಬೇಡವಾಗಿತ್ತು.

ಕೆಲವು ತಿಂಗಳಾದ ಮೇಲೆ ಫ್ರೆಂಚ್ ಲೇಖಕ ಮಾರ್ಮಾಂಟೆಲ್‌ನ ನೆನಪುಗಳ ಪುಸ್ತಕ ಓದ್ತಿದ್ದ. ಅಪ್ಪನನ್ನು ಕಳೆದುಕೊಂಡ ಹುಡುಗ ಮನೆಯವರಿಗೆ ಧೈರ್ಯ ಹೇಳೋ ಭಾಗ ಬಂದಾಗ ಮಿಲ್‌ಗೆ ಅಳು ಬಂತು. ಆ ಅಳುವೇ ಅವನಿಗೆ ಸಮಾಧಾನ ಕೊಟ್ಟಿತು: ಮನಸ್ಸು ಪೂರ್ತಿ ಸತ್ತಿಲ್ಲ! ಹಾಗಂತ ಒಂದೇ ದಿನಕ್ಕೆ ವಾಸಿಯಾಗಲಿಲ್ಲ, ಕತ್ತಲೆ ಮತ್ತೆ ಮತ್ತೆ ಬಂತು. 1828ರಲ್ಲಿ ವರ್ಡ್ಸ್‌ವರ್ತ್‌ನ ಕವಿತೆಗಳು ಕೈಹಿಡಿದವು. ಬುದ್ಧಿಯ ಜೊತೆಗೆ ಭಾವನೆಗೂ ನೀರು ಹಾಕಬೇಕು ಅಂತ ಆಗ ಅವನಿಗೆ ಹೊಳೀತು.

ಮುಂದೆ ತರ್ಕಶಾಸ್ತ್ರದ ಮೇಲೆ ದೊಡ್ಡ ಗ್ರಂಥ ಬರೆದ. 1865ರಲ್ಲಿ ಪಾರ್ಲಿಮೆಂಟಿಗೆ ಆರಿಸಿ ಬಂದು, ಹೆಂಗಸರಿಗೂ ಮತ ಹಾಕೋ ಹಕ್ಕು ಬೇಕು ಅಂತ ಅಲ್ಲಿ ವಾದಿಸಿದ. ಆದರೆ ಇಪ್ಪತ್ತರ ಆ ನೋವು ಓದುಗರಿಗೆ ತಿಳಿದದ್ದು ಅವನು ತೀರಿಕೊಂಡ ವರ್ಷ, 1873ರಲ್ಲಿ, ಆತ್ಮಕಥೆ ಅಚ್ಚಾದಾಗ.

ನಾವು ಅಷ್ಟು ವರ್ಷ ಕಾಯಬೇಕಾಗಿಲ್ಲ. ಪಕ್ಕದ ಮಂಚದ ಗೆಳೆಯನಿಗೆ ಇವತ್ತೇ ಹೇಳಬಹುದು. ಅದೂ ಕಷ್ಟ ಅನ್ನಿಸಿದ್ರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ದಿನದ 24 ಗಂಟೆಯೂ. ಕನ್ನಡದಲ್ಲೇ ಮಾತಾಡಬಹುದು. ಇಂಟರ್ನಲ್ಸ್ ಬರೀತಿದ್ದಾನೆ, ನಗ್ತಿದ್ದಾನೆ ಅಂದ್ರೆ ಎಲ್ಲ ಸರಿಯಿದೆ ಅಂತಲ್ಲ. ಒಂದು ಸಲ ಕೂತು ಕೇಳಿ.