ಕಿದ್ವಾಯಿ ಸಾಹೇಬರು ಮತ್ತು ರೇಷನ್ ಸಾಲು

ಬೆಂಗಳೂರಿನಲ್ಲಿ ಕಿದ್ವಾಯಿ ಎಂದರೆ ಎಲ್ಲರಿಗೂ ನೆನಪಾಗುವುದು ಕ್ಯಾನ್ಸರ್ ಆಸ್ಪತ್ರೆ. ರಾಜ್ಯದ ಮೂಲೆಮೂಲೆಯಿಂದ ರೋಗಿಗಳನ್ನು ಕರೆತರುವವರು ಆ ಹೆಸರನ್ನು ದಿನವೂ ಹೇಳುತ್ತಾರೆ. ಆದರೆ ಆ ಹೆಸರಿನ ಮನುಷ್ಯ ಯಾರೆಂದು ನಮ್ಮ ವಿದ್ಯಾರ್ಥಿಗಳನ್ನು ಕೇಳಿ ನೋಡಿ. ಯಾರೋ ದೊಡ್ಡ ಡಾಕ್ಟರ್ ಇರಬೇಕು ಎನ್ನುವವರೇ ಹೆಚ್ಚು. ಪ್ರಿಯ ಓದುಗರೇ, ರಫಿ ಅಹ್ಮದ್ ಕಿದ್ವಾಯಿ ಡಾಕ್ಟರ್ ಆಗಿರಲಿಲ್ಲ. ಅವರು ಸ್ವಾತಂತ್ರ್ಯ ಹೋರಾಟಗಾರರು, ಪಂಡಿತ್ ನೆಹರೂ ಅವರ ಆಪ್ತರು, 1952ರಿಂದ 1954ರವರೆಗೆ ಈ ದೇಶದ ಆಹಾರ ಮತ್ತು ಕೃಷಿ ಸಚಿವರು. ಎರಡೂವರೆ ವರ್ಷ ಕೂಡ ತುಂಬದ ಆ ಅವಧಿಯಲ್ಲಿ ಅವರು ಮಾಡಿದ ಒಂದು ಕೆಲಸವನ್ನು ನಿಮಗೆ ಹೇಳಬೇಕೆಂಬುದೇ ಈ ಲೇಖನದ ಉದ್ದೇಶ. ಬಾಲ್ಯ, ಹೋರಾಟ, ಸೆರೆವಾಸದ ಸಂಗತಿಗಳನ್ನು ಬೇಗನೆ ಮುಗಿಸಿ ಅಲ್ಲಿಗೆ ಬರುತ್ತೇನೆ.

ಅವರು ಹುಟ್ಟಿದ್ದು 1894ರ ಫೆಬ್ರವರಿ 18ರಂದು, ಇಂದಿನ ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯ ಮಸೌಲಿ ಎಂಬ ಹಳ್ಳಿಯಲ್ಲಿ. ತಂದೆ ಇಮ್ತಿಯಾಜ್ ಅಲಿ ಮಧ್ಯಮ ದರ್ಜೆಯ ಜಮೀನ್ದಾರರು, ಸರ್ಕಾರಿ ನೌಕರಿಯಲ್ಲೂ ಇದ್ದವರು. ತಾಯಿ ಬೇಗನೆ ತೀರಿಕೊಂಡದ್ದರಿಂದ ಹುಡುಗ ಬೆಳೆದದ್ದು ತಂದೆಯ ಸಹೋದರ ವಿಲಾಯತ್ ಅಲಿಯವರ ಮನೆಯಲ್ಲಿ. ವಿಲಾಯತ್ ಅಲಿ ವಕೀಲರು. ಮೌಲಾನಾ ಮುಹಮ್ಮದ್ ಅಲಿಯವರ ಕಾಮ್ರೇಡ್ ಪತ್ರಿಕೆಗೆ ವಿನೋದ ಲೇಖನಗಳನ್ನು ಬರೆಯುತ್ತಿದ್ದರು. ರಾಜಕೀಯದ ಗಾಳಿ ರಫಿ ಸಾಹೇಬರಿಗೆ ಆ ಮನೆಯಲ್ಲೇ ತಗುಲಿತು. ಅಲಿಗಢದ ಎಂ.ಎ.ಒ. ಕಾಲೇಜಿನಲ್ಲಿ 1918ರಲ್ಲಿ ಬಿ.ಎ. ಮುಗಿಸಿ ಕಾನೂನು ಓದಲು ಸೇರಿದರು. ಅಷ್ಟರಲ್ಲಿ ಖಿಲಾಫತ್ ಮತ್ತು ಅಸಹಕಾರ ಚಳವಳಿ ಬಂತು. ಓದು ಅರ್ಧಕ್ಕೆ ನಿಂತಿತು, ಜೈಲು ಸೇರಿದರು. ಬಿಡುಗಡೆಯಾದ ಮೇಲೆ ಅಲಹಾಬಾದಿನಲ್ಲಿ ಮೋತಿಲಾಲ್ ನೆಹರೂ ಅವರ ಕಾರ್ಯದರ್ಶಿಯಾದರು. 1926ರಲ್ಲಿ ಕೇಂದ್ರ ಶಾಸನ ಸಭೆಗೆ ಆಯ್ಕೆಯಾಗಿ ಸ್ವರಾಜ್ ಪಕ್ಷದ ಮುಖ್ಯ ಸಚೇತಕರಾದರು.

ಒಳ್ಳೆಯ ಭಾಷಣಕಾರರೇನೂ ಅಲ್ಲ. ಸಭೆಯಲ್ಲಿ ಎದ್ದು ನಿಲ್ಲುವುದೆಂದರೆ ಅವರಿಗೆ ಆಗುತ್ತಿರಲಿಲ್ಲ. ಯಾರ ಮತ ಎತ್ತ ವಾಲಿದೆ, ಯಾರ ಮನೆಯಲ್ಲಿ ಕಷ್ಟವಿದೆ, ಯಾವ ಜಿಲ್ಲೆಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ತಿಳಿದಿಟ್ಟುಕೊಳ್ಳುವುದು ಅವರ ಶಕ್ತಿಯಾಗಿತ್ತು. ತಂತ್ರಗಾರನೆಂದು ಅವರನ್ನು ಜರೆದವರೂ ಇದ್ದರು, ಆ ಮಾತು ಪೂರ್ತಿ ಸುಳ್ಳೂ ಅಲ್ಲ.

1930ರಲ್ಲಿ ಶಾಸನ ಸಭೆಯನ್ನು ಬಿಟ್ಟು ರಾಯ್‌ಬರೇಲಿಯ ರೈತರ ನಡುವೆ ಕರನಿರಾಕರಣೆಯ ಕೆಲಸಕ್ಕೆ ಇಳಿದರು. ಧಾನ್ಯದ ಬೆಲೆ ಕುಸಿದು ಗೇಣಿದಾರರು ಕಂಗಾಲಾಗಿದ್ದ ಕಾಲ ಅದು. 1937ರಲ್ಲಿ ಗೋವಿಂದ ವಲ್ಲಭ ಪಂತರ ಮಂತ್ರಿಮಂಡಲದಲ್ಲಿ ಕಂದಾಯ ಸಚಿವರಾದಾಗ 1939ರ ಗೇಣಿ ಕಾಯ್ದೆಯನ್ನು ರೂಪಿಸಿ ಶಾಸನ ಸಭೆಯಲ್ಲಿ ದಾಟಿಸಿದವರು ಅವರೇ. ಆಗ್ರಾ ಮತ್ತು ಅವಧ್ ಎರಡೂ ಪ್ರಾಂತಗಳ ಲಕ್ಷಾಂತರ ಗೇಣಿದಾರರಿಗೆ ವಂಶಪಾರಂಪರ್ಯ ಹಕ್ಕನ್ನು ಕೊಟ್ಟ ಕಾನೂನು ಇದು. ಸ್ವತಃ ಜಮೀನ್ದಾರರ ಮಗ ಜಮೀನ್ದಾರರ ಕೈ ಕಟ್ಟುವ ಕಾನೂನನ್ನು ತಂದದ್ದು ಎಂಬುದನ್ನು ಮರೆಯಬೇಡಿ.

ವಿಭಜನೆಯ ಕಾಲದಲ್ಲಿ ಈ ಕುಟುಂಬ ಅನುಭವಿಸಿದ್ದು ಸಣ್ಣದಲ್ಲ. ಮಸ್ಸೂರಿಯ ನಗರಸಭೆಯಲ್ಲಿ ಆಡಳಿತಾಧಿಕಾರಿಯಾಗಿದ್ದ ಅವರ ಸಹೋದರ ಶಫಿ ಅಹ್ಮದ್ 1947ರ ಗಲಭೆಯಲ್ಲಿ ಕೊಲೆಯಾದರು. ರಫಿ ಸಾಹೇಬರು ಈ ನೆಲ ಬಿಟ್ಟು ಹೋಗುವ ಮಾತನ್ನೇ ಎತ್ತಲಿಲ್ಲ. ಸ್ವತಂತ್ರ ಭಾರತದ ಮೊದಲ ಮಂತ್ರಿಮಂಡಲದಲ್ಲಿ ಸಂಪರ್ಕ ಸಚಿವರಾದರು. ರಾತ್ರಿ ವಿಮಾನದಲ್ಲಿ ಅಂಚೆ ಸಾಗಿಸುವ ವ್ಯವಸ್ಥೆ ಅವರ ಕಾಲದ್ದು. 1951ರಲ್ಲಿ ಕಾಂಗ್ರೆಸ್ಸಿನ ಒಳಜಗಳದಿಂದ ಬೇಸತ್ತು ಹೊರಗೆ ಹೋದರು, ನೆಹರೂ ಪಕ್ಷದ ಅಧ್ಯಕ್ಷರಾದ ಮೇಲೆ ಮರಳಿ ಬಂದರು. ಮೊದಲ ಮಹಾಚುನಾವಣೆಯಲ್ಲಿ ಗೆದ್ದ ಮೇಲೆ, 1952ರ ಮೇ ತಿಂಗಳಲ್ಲಿ, ಆಹಾರ ಮತ್ತು ಕೃಷಿ ಖಾತೆ ಅವರ ಪಾಲಿಗೆ ಬಂತು.

ಆ ಖಾತೆಯನ್ನು ಆಗ ಯಾರೂ ಆಸೆಪಟ್ಟು ಕೇಳುತ್ತಿರಲಿಲ್ಲ. ಐದು ವರ್ಷಗಳಲ್ಲಿ ರಾಜೇಂದ್ರ ಪ್ರಸಾದ್, ಜಯರಾಮದಾಸ್ ದೌಲತ್‌ರಾಮ್, ಕೆ.ಎಂ. ಮುನ್ಷಿ ಎಂಬ ಮೂವರು ಹಿರಿಯರು ಅದರಲ್ಲಿ ಕೂತು ಎದ್ದಿದ್ದರು. ಏಕೆಂದು ತಿಳಿಯಲು ನೀವು ಸ್ವಲ್ಪ ಹಿಂದಕ್ಕೆ ಹೋಗಬೇಕು. 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತರು. ಆ ಭಯದಿಂದ ದೇಶದಾದ್ಯಂತ ರೇಷನ್ ಬೆಳೆಯಿತು. ರೈತ ಬೆಳೆದದ್ದರಲ್ಲಿ ಒಂದು ಪಾಲನ್ನು ಸರ್ಕಾರ ಹೇಳಿದ ಬೆಲೆಗೆ ಲೆವಿಯಾಗಿ ಕೊಡಬೇಕು. ಧಾನ್ಯದ ಗಾಡಿ ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಪರ್ಮಿಟ್ ಬೇಕು. ಪಟ್ಟಣದವರು ಕಾರ್ಡ್ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಮದುವೆಯ ಊಟಕ್ಕೆ ಎಷ್ಟು ಜನ ಬರಬಹುದು ಎಂಬುದನ್ನೂ ಸರ್ಕಾರವೇ ಹೇಳುತ್ತಿತ್ತು. ನಿಮ್ಮ ಮನೆಯಲ್ಲಿ ಆ ಕಾಲವನ್ನು ಕಂಡ ಹಿರಿಯರಿಂದ ಕೇಳಿ ಉಳಿದ ಮಾತುಗಳಿದ್ದರೆ ನೆನಪಿಸಿಕೊಳ್ಳಿ.

ಗಾಂಧೀಜಿಯವರ ಒತ್ತಾಯದಿಂದ 1947ರ ಕೊನೆಯಲ್ಲಿ ಈ ನಿಯಂತ್ರಣಗಳನ್ನು ಒಮ್ಮೆ ಸಡಿಲಿಸಲಾಗಿತ್ತು. ಬೆಲೆಗಳು ಗಗನಕ್ಕೇರಿದವು. 1948ರಲ್ಲಿ ಮತ್ತೆ ಬಿಗಿಮಾಡಬೇಕಾಯಿತು. ಒಮ್ಮೆ ಕೈ ಸುಟ್ಟುಕೊಂಡ ಅಧಿಕಾರಿಗಳಿಗೆ ಆ ಮಾತೆಂದರೆ ಹೆದರಿಕೆ. 1951ರ ಅಂತ್ಯದೊಳಗೆ ವಿದೇಶಿ ಧಾನ್ಯ ತರಿಸುವುದನ್ನು ನಿಲ್ಲಿಸುತ್ತೇವೆಂದು ನೆಹರೂ ಸಾರಿದ್ದರು. ಅದೇ 1951ರ ಆರಂಭದಲ್ಲಿ ಪಟ್ಟಣದ ರೇಷನ್ನನ್ನು ತಲೆಗೆ ದಿನಕ್ಕೆ 12 ಔನ್ಸಿನಿಂದ 9 ಔನ್ಸಿಗೆ ಇಳಿಸಬೇಕಾಯಿತು. ಎಂದರೆ 340 ಗ್ರಾಮಿನಿಂದ ಸುಮಾರು 255 ಗ್ರಾಮಿಗೆ. ಅಮೆರಿಕದಿಂದ 20 ಲಕ್ಷ ಟನ್ ಧಾನ್ಯಕ್ಕಾಗಿ ಸಾಲ ಪಡೆದದ್ದೂ ಅದೇ ವರ್ಷ. ಹೊಸ ದೇಶದ ಮರ್ಯಾದೆ ಬಂದರುಗಳಿಗೆ ಬರುವ ಹಡಗುಗಳ ಮೇಲೆ ನಿಂತಿತ್ತು ಎಂದರೆ ತಪ್ಪಲ್ಲ.

ಕಿದ್ವಾಯಿ ಸಾಹೇಬರು ಬಂದವರೇ ಕಡತಗಳ ಅಂಕಿಗಳನ್ನು ಅನುಮಾನದಿಂದ ನೋಡಿದರು. ಅವರ ಅನುಮಾನಕ್ಕೆ ಕಾರಣವಿತ್ತು. ಆಹಾರದ ಕೊರತೆ ಎಷ್ಟೆಂದು ಕೇಂದ್ರಕ್ಕೆ ಹೇಳುವವರು ರಾಜ್ಯಗಳು. ಕೊರತೆ ಹೆಚ್ಚೆಂದು ತೋರಿಸಿದ ರಾಜ್ಯಕ್ಕೆ ಹೆಚ್ಚು ಧಾನ್ಯ ಸಿಗುತ್ತದೆ. ಹೆಚ್ಚುವರಿ ಬೆಳೆ ಇರುವ ರಾಜ್ಯ ಅದನ್ನು ಕಡಿಮೆ ತೋರಿಸಿದರೆ ತನ್ನಲ್ಲೇ ಉಳಿಸಿಕೊಳ್ಳಬಹುದು. ಲೆವಿಗೆ ಹೆದರುವ ರೈತ ಶಾನುಭೋಗರ ಮುಂದೆ ತನ್ನ ಬೆಳೆಯನ್ನು ಹೆಚ್ಚಿಸಿ ಹೇಳುತ್ತಾನೆಯೇ? ನಾಳೆ ಸಿಗುತ್ತದೋ ಇಲ್ಲವೋ ಎಂಬ ಅಂಜಿಕೆಯಿಂದ ಗೃಹಿಣಿಯೂ ಒಂದು ಸೇರು ಹೆಚ್ಚೇ ಡಬ್ಬಿಯಲ್ಲಿ ಇಡುತ್ತಾಳೆ. ವ್ಯಾಪಾರಿಯ ವಿಷಯ ಹೇಳಬೇಕಾಗಿಯೇ ಇಲ್ಲ. ಹೀಗೆ ಪ್ರತಿಯೊಂದು ಮೆಟ್ಟಿಲಲ್ಲೂ ಅಂಕಿ ಸ್ವಲ್ಪ ಸ್ವಲ್ಪ ಬಾಗುತ್ತಾ ಬಂದು ದೆಹಲಿಯ ಮೇಜಿನ ಮೇಲೆ ದೊಡ್ಡ ಕೊರತೆಯಾಗಿ ಕೂರುತ್ತಿತ್ತು. ಕೊರತೆಯಲ್ಲಿ ಒಂದು ಭಾಗ ನಿಜ, ಇನ್ನೊಂದು ಭಾಗ ಭಯದ್ದು ಎಂದು ಅವರು ತೀರ್ಮಾನಿಸಿದರು. ಭಯವನ್ನು ತೆಗೆದರೆ ಬಚ್ಚಿಟ್ಟ ಧಾನ್ಯ ಹೊರಗೆ ಬರುತ್ತದೆ ಎಂಬುದು ಅವರ ಲೆಕ್ಕ.

ಅರ್ಥಶಾಸ್ತ್ರ ಓದುವ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಸರ್ಕಾರದ ಮೇಲ್ವಿಚಾರಣೆ ಎಂದಾಗ ನಮಗೆ ಚೆಕ್‌ಪೋಸ್ಟು, ಪರ್ಮಿಟ್ಟು, ಇನ್‌ಸ್ಪೆಕ್ಟರು ನೆನಪಾಗುತ್ತಾರೆ. ಕಿದ್ವಾಯಿ ಸಾಹೇಬರು ಬೇರೆಯದೊಂದು ಮೇಲ್ವಿಚಾರಣೆಯನ್ನು ನಂಬಿದರು. ಗಡಿಗಳನ್ನು ತೆರೆಯಿರಿ, ಆದರೆ ಸರ್ಕಾರದ ಗೋದಾಮು ತುಂಬಿರಲಿ. ಎಲ್ಲಿ ಬೆಲೆ ಏರಿತೋ ಅಲ್ಲಿಗೆ ಕೇಂದ್ರದ ದಾಸ್ತಾನಿನಿಂದ ಧಾನ್ಯ ತಲುಪಲಿ. ಸರ್ಕಾರದ ಬಳಿ ಧಾನ್ಯವಿದೆ ಎಂಬುದು ಮಾರುಕಟ್ಟೆಗೆ ಗೊತ್ತಿದ್ದರೆ ಬಚ್ಚಿಡುವವನಿಗೆ ಧೈರ್ಯ ಬರುವುದಿಲ್ಲ. ಆಮದಿನ ವಿರೋಧಿಯೂ ಅವರಲ್ಲ. 1954ರಲ್ಲಿ ಬರ್ಮಾದಿಂದ ದೊಡ್ಡ ಪ್ರಮಾಣದಲ್ಲಿ ಅಕ್ಕಿ ಖರೀದಿಸುವ ಒಪ್ಪಂದವಾದದ್ದು ದಾಸ್ತಾನು ತುಂಬಿಸುವುದಕ್ಕೇ.

ಮೊದಲ ಅವಕಾಶ ಮದ್ರಾಸಿನಿಂದ ಬಂತು. ಅಲ್ಲಿ ಮುಖ್ಯಮಂತ್ರಿಯಾಗಿದ್ದ ರಾಜಾಜಿ 1952ರ ಜೂನ್‌ನಲ್ಲಿ ಧಾನ್ಯ ನಿಯಂತ್ರಣವನ್ನು ತೆಗೆದುಹಾಕಿದರು. ಯೋಜನಾ ಆಯೋಗಕ್ಕೆ ಇದು ಇಷ್ಟವಿರಲಿಲ್ಲ. ಅಭಿವೃದ್ಧಿಯ ಯೋಜನೆ ಹಾಕಬೇಕಾದರೆ ಬೆಲೆ ಕೈಯಲ್ಲಿರಬೇಕು ಎಂಬುದು ಅವರ ವಾದ, ಅದೂ ಹುರುಳಿಲ್ಲದ ವಾದವಲ್ಲ. ನೆಹರೂ ಅವರಿಗೂ ಅನುಮಾನ. ಕೇಂದ್ರದ ಆಹಾರ ಸಚಿವರು ಮಾತ್ರ ರಾಜಾಜಿಯ ಬೆನ್ನಿಗೆ ನಿಂತರು. ಮದ್ರಾಸಿನಲ್ಲಿ ಹಾಹಾಕಾರವಾಗಲಿಲ್ಲ. ನಂತರ ಒಂದೊಂದೇ ಗಂಟು ಬಿಚ್ಚುತ್ತಾ ಹೋದರು. ಮೊದಲು ಜೋಳ, ಸಜ್ಜೆಯಂಥ ಒರಟು ಧಾನ್ಯಗಳ ಸರದಿ, ಕೊನೆಗೆ 1954ರ ಜುಲೈನಲ್ಲಿ ಅಕ್ಕಿ. ಹನ್ನೊಂದು ವರ್ಷಗಳ ಸಾಲು ಕರಗಿತು. ಒಂದೇ ಏಟಿಗೆ ಎಲ್ಲವನ್ನೂ ಬಿಟ್ಟ 1947ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಿ. ಪ್ರತಿ ಹೆಜ್ಜೆ ಇಟ್ಟ ಮೇಲೂ ಬೆಲೆ ಏನಾಯಿತೆಂದು ನೋಡಿ ಮುಂದಿನ ಹೆಜ್ಜೆ ಇಡುವ ಕ್ರಮ ಇದು.

ಅದೃಷ್ಟವೂ ಅವರ ಕಡೆಗಿತ್ತು ಎಂಬುದನ್ನು ಮರೆಮಾಚಬಾರದು. 1953ರಲ್ಲಿ ಮಳೆ ಒಳ್ಳೆಯದಾಯಿತು. 1950-51ರಲ್ಲಿ ಸುಮಾರು 5.1 ಕೋಟಿ ಟನ್ ಇದ್ದ ಆಹಾರ ಧಾನ್ಯದ ಉತ್ಪಾದನೆ 1953-54ರಲ್ಲಿ ಸುಮಾರು 7 ಕೋಟಿ ಟನ್ ಮುಟ್ಟಿತು. 1951ರಲ್ಲಿ 47 ಲಕ್ಷ ಟನ್ನಿಗೂ ಮಿಕ್ಕಿದ್ದ ಆಮದು 1954ರಲ್ಲಿ 10 ಲಕ್ಷ ಟನ್ನಿಗಿಂತ ಕೆಳಗೆ ಇಳಿಯಿತು. ಮಳೆಯೇ ಕಾರಣ, ಮಂತ್ರಿಯದೇನು ಎಂದು ಟೀಕಿಸಿದವರಿದ್ದರು. ನನಗನ್ನಿಸುವುದು ಇಷ್ಟು: ಮದ್ರಾಸಿನ ಕೈ ಹಿಡಿದದ್ದು ಮಳೆಗೆ ಮುಂಚೆಯೇ. ಒಳ್ಳೆಯ ಮಳೆ ಬಂದಾಗಲೂ ಗಡಿಯ ಚೆಕ್‌ಪೋಸ್ಟುಗಳು ಹಾಗೆಯೇ ಇದ್ದಿದ್ದರೆ ಒಂದು ಜಿಲ್ಲೆಯಲ್ಲಿ ಧಾನ್ಯ ಹುಳಹಿಡಿದು ಪಕ್ಕದ ಜಿಲ್ಲೆಯಲ್ಲಿ ಸಾಲು ಉಳಿಯುತ್ತಿತ್ತು.

ಕೃಷಿಯ ಕಡೆಯೂ ಕೆಲಸ ನಡೆಯಿತು. 1943ರಿಂದ ನಡೆಯುತ್ತಿದ್ದ ಹೆಚ್ಚು ಆಹಾರ ಬೆಳೆಯಿರಿ ಚಳವಳಿಯನ್ನು ಪರಿಶೀಲಿಸಲು ವಿ.ಟಿ. ಕೃಷ್ಣಮಾಚಾರಿಯವರ ಸಮಿತಿ ನೇಮಕವಾಗಿತ್ತು. ಅದು 1952ರಲ್ಲಿ ವರದಿ ಕೊಟ್ಟು, ಹಳ್ಳಿಯ ಬದುಕಿನ ಎಲ್ಲ ಮುಖಗಳನ್ನೂ ಒಟ್ಟಿಗೆ ನೋಡದೆ ಬರೀ ಬೆಳೆಯ ಬೆನ್ನು ಹತ್ತಿದರೆ ಫಲವಿಲ್ಲವೆಂದು ತೋರಿಸಿಕೊಟ್ಟಿತು. ಅದರ ಫಲವಾಗಿ 1953ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಿಸ್ತರಣಾ ಸೇವೆ ಶುರುವಾಯಿತು. ಹಳ್ಳಿಗೆ ಗ್ರಾಮಸೇವಕ ಬಂದದ್ದು ಈ ಕಾಲದಲ್ಲಿ. ಸಾಲಾಗಿ ನಾಟಿ ಮಾಡುವ ಜಪಾನಿ ಪದ್ಧತಿಯ ಭತ್ತದ ಬೇಸಾಯವನ್ನು 1953ರಿಂದ ದೇಶದಲ್ಲಿ ಪ್ರಚಾರ ಮಾಡಿದ್ದೂ ಇವರ ಖಾತೆಯೇ.

1954ರ ಅಕ್ಟೋಬರ್ 24ರಂದು ಕಿದ್ವಾಯಿ ಸಾಹೇಬರು ದೆಹಲಿಯಲ್ಲಿ ತೀರಿಕೊಂಡರು. ಭಾಷಣ ಮಾಡುತ್ತಿದ್ದಾಗಲೇ ಉಬ್ಬಸ ಬಂದು ಹೃದಯ ನಿಂತುಹೋಯಿತು. ವಯಸ್ಸು ಅರವತ್ತು. ಒಬ್ಬನೇ ಮಗನನ್ನು ಅವನ ಬಾಲ್ಯದಲ್ಲೇ ಕಳೆದುಕೊಂಡಿದ್ದರು. ಇಷ್ಟು ವರ್ಷ ಮಂತ್ರಿಯಾಗಿದ್ದವರು ಬಿಟ್ಟುಹೋದದ್ದು ಸಾಲ ಮತ್ತು ಮಸೌಲಿಯಲ್ಲಿ ಬೀಳುವ ಸ್ಥಿತಿಯಲ್ಲಿದ್ದ ಮನೆ. ಕೈಗೆ ಬಂದದ್ದನ್ನು ಕೇಳಿದವರಿಗೆ ಕೊಡುವುದು, ಇಲ್ಲದಿದ್ದರೆ ಸಾಲ ತಂದು ಕೊಡುವುದು ಅವರ ಅಭ್ಯಾಸ. ಹುಟ್ಟೂರಿನಲ್ಲೇ ಅವರ ದಫನ ಆಯಿತು. 1956ರಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಅವರ ಹೆಸರಿನಲ್ಲಿ ಕೃಷಿ ವಿಜ್ಞಾನಿಗಳಿಗೆ ಪ್ರಶಸ್ತಿ ಸ್ಥಾಪಿಸಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅವರು ತೀರಿಕೊಂಡ ಬೆನ್ನಿಗೇ, 1954-55ರಲ್ಲಿ, ಧಾನ್ಯದ ಬೆಲೆ ಕುಸಿಯಿತು. ಕೊಳ್ಳುವವನಿಗೆ ಅಗ್ಗವಾದದ್ದು ಬೆಳೆದವನಿಗೆ ಬರೆಯಾಯಿತು. ಬೆಲೆ ಏರಿದಾಗ ಏನು ಮಾಡಬೇಕೆಂಬ ಸಿದ್ಧತೆ ಕಿದ್ವಾಯಿ ಸಾಹೇಬರಲ್ಲಿ ಇತ್ತು. ಇಳಿದಾಗ ರೈತನ ಕೈ ಹಿಡಿಯುವ ಏರ್ಪಾಡನ್ನು ಅವರ ಖಾತೆ ಆಗ ಇನ್ನೂ ಕಟ್ಟಿರಲಿಲ್ಲ. ರಾಯ್‌ಬರೇಲಿಯಲ್ಲಿ ಬೆಲೆ ಕುಸಿತದ ನೋವನ್ನು ಕಣ್ಣಾರೆ ಕಂಡವರು ಬದುಕಿದ್ದರೆ ಏನು ಮಾಡುತ್ತಿದ್ದರೋ. ಸರ್ಕಾರ ತರಾತುರಿಯಲ್ಲಿ ಮಾರುಕಟ್ಟೆಗೆ ಇಳಿದು ಧಾನ್ಯ ಕೊಂಡಿತು. ಮುಂದೆ ಬೆಲೆ ಮತ್ತೆ ಏರತೊಡಗಿತು, 1956ರಲ್ಲಿ ಅಮೆರಿಕದ ಪಿ.ಎಲ್. 480 ಗೋಧಿಯ ಒಪ್ಪಂದವಾಯಿತು, 1957ರಲ್ಲಿ ಅಶೋಕ್ ಮೆಹ್ತಾ ಸಮಿತಿ ಕೂತಿತು, ಬಿಚ್ಚಿದ ಗಂಟುಗಳಲ್ಲಿ ಕೆಲವನ್ನು ಮತ್ತೆ ಹಾಕಲಾಯಿತು. ಬಿತ್ತುವವನಿಗೆ ಬೆಲೆಯ ಭರವಸೆ ಕೊಡಲು ಕೃಷಿ ಬೆಲೆ ಆಯೋಗವೂ, ಕೊಂಡು ದಾಸ್ತಾನು ಮಾಡಲು ಭಾರತೀಯ ಆಹಾರ ನಿಗಮವೂ ಹುಟ್ಟಿದ್ದು 1965ರಲ್ಲಿ, ಅವರು ಮಣ್ಣಾಗಿ ಹತ್ತು ವರ್ಷಗಳಾದ ಮೇಲೆ.