ಮಾವನ ಸರ್ಕಾರಕ್ಕೆ ಲೆಕ್ಕ ಕೇಳಿದ ಅಳಿಯ: ಫಿರೋಜ್ ಗಾಂಧಿ

ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅಂತ ನಮ್ಮಲ್ಲಿ ಒಂದು ಗಾದೆ ಇದೆ. ಹತ್ತು ಜನರ ಹಣ ಒಂದು ಕಡೆ ಸೇರಿ, ಅದಕ್ಕೆ ಕೇಳುವವರು ಇಲ್ಲದೇ ಹೋದರೆ ಏನಾಗುತ್ತದೆ ಎಂಬುದನ್ನು ಹಿರಿಯರು ಈ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಾರೆ. ಸಹಕಾರ ಸಂಘವಾಗಲಿ, ಗ್ರಾಮ ಪಂಚಾಯಿತಿಯಾಗಲಿ, ದೆಹಲಿಯ ಸರ್ಕಾರವಾಗಲಿ, ಈ ವಿಷಯದಲ್ಲಿ ಎಲ್ಲಾ ಒಂದೇ. ಲೋಕಸಭೆಯಲ್ಲಿ ಎದ್ದು ನಿಂತು ಜನರ ಹಣಕ್ಕೆ ಮಂತ್ರಿಗಳಿಂದ ಲೆಕ್ಕ ಕೇಳಿದವರಲ್ಲಿ ದಿವಂಗತ ಫಿರೋಜ್ ಗಾಂಧಿಯವರ ಹೆಸರು ಮೊದಲ ಸಾಲಿನಲ್ಲಿದೆ. ಇಂದಿರಾ ಗಾಂಧಿಯವರ ಪತಿ, ನೆಹರೂ ಅವರ ಅಳಿಯ ಎಂದಷ್ಟೇ ಅವರನ್ನು ಬಲ್ಲವರು ಬಹಳ ಮಂದಿ. ಅವರು ಮಾಡಿದ ಕೆಲಸ ಬಲ್ಲವರು ಕಡಿಮೆ. ಆದ್ದರಿಂದ ಸಂಘದ ಈ ಬೆಳ್ಳಿ ಹಬ್ಬದ ಸಂದರ್ಭದಲ್ಲಿ ಅವರ ಜೀವನವನ್ನು ಸದಸ್ಯ ಬಾಂಧವರ ಮುಂದೆ ಇಡುವುದು ಉಚಿತವೆನಿಸುತ್ತದೆ.

ಫಿರೋಜರು 1912ರ ಸೆಪ್ಟೆಂಬರ್ 12ರಂದು ಮುಂಬಯಿಯ ಒಂದು ಪಾರ್ಸಿ ಮನೆತನದಲ್ಲಿ ಜನಿಸಿದರು. ತಂದೆ ಹಡಗಿನ ಇಂಜಿನಿಯರು. ಮಹಾತ್ಮ ಗಾಂಧೀಜಿಯವರಿಗೂ ಇವರಿಗೂ ಯಾವ ನೆಂಟಸ್ತಿಕೆಯೂ ಇರಲಿಲ್ಲ. ಅಲಹಾಬಾದಿನಲ್ಲಿ ವೈದ್ಯರಾಗಿದ್ದ ಚಿಕ್ಕಮ್ಮನ ಆಶ್ರಯದಲ್ಲಿ ಅವರು ಬೆಳೆದರು, ಅಲ್ಲೇ ಕಾಲೇಜಿಗೆ ಸೇರಿದರು. 1930ರಲ್ಲಿ ನೆಹರೂ ಅವರ ಪತ್ನಿ ಕಮಲಾ ಅವರು ಕಾಲೇಜಿನ ಮುಂದೆ ಪಿಕೆಟಿಂಗ್ ನಡೆಸುತ್ತಿದ್ದಾಗ ಬಿಸಿಲಿಗೆ ತಲೆ ಸುತ್ತಿ ಬಿದ್ದರು. ಉಪಚಾರ ಮಾಡಿದವರಲ್ಲಿ ಈ ಹುಡುಗನೂ ಒಬ್ಬ. ಓದು ಅಲ್ಲಿಗೇ ನಿಂತಿತು, ಚಳವಳಿ ಹಿಡಿಯಿತು. ಆ ವರ್ಷವೇ ಜೈಲು ಸೇರಿದರು. ಫೈಜಾಬಾದ್ ಜೈಲಿನಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರ ಸಂಗಡ ಇದ್ದರು. ಮುಂದೆ ಲಂಡನ್ನಿನಲ್ಲೂ ಕೆಲಕಾಲ ವ್ಯಾಸಂಗ ಮಾಡಿದರು. 1942ರ ಮಾರ್ಚಿಯಲ್ಲಿ ಇಂದಿರಾ ಅವರೊಂದಿಗೆ ವಿವಾಹವಾಯಿತು. ಆರು ತಿಂಗಳು ಕಳೆಯುವುದರೊಳಗೆ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಗಂಡ ಹೆಂಡತಿ ಇಬ್ಬರೂ ಸೆರೆಮನೆ ಸೇರಿದರು. ಬಿಡುಗಡೆಯ ನಂತರ ಫಿರೋಜರು ಲಖನೌದಲ್ಲಿ ನ್ಯಾಷನಲ್ ಹೆರಾಲ್ಡ್ ಪತ್ರಿಕೆಯ ಆಡಳಿತ ನೋಡಿಕೊಂಡರು.

1952ರ ಮೊದಲ ಮಹಾ ಚುನಾವಣೆಯಲ್ಲಿ ರಾಯ್‌ಬರೇಲಿಯಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ಗೆದ್ದು ಲೋಕಸಭೆಗೆ ಬಂದರು. ಮೊದಲ ಮೂರು ವರ್ಷ ಅವರು ಹೆಚ್ಚು ಮಾತನಾಡಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುತ್ತಿದ್ದರು, ಕಾಗದ ಪತ್ರ ಓದುತ್ತಿದ್ದರು, ಅಂಕಿ ಅಂಶ ಕೂಡಿಹಾಕುತ್ತಿದ್ದರು.

1955ರ ಡಿಸೆಂಬರಿನಲ್ಲಿ ಅವರು ಬಾಯಿ ಬಿಟ್ಟಾಗ ಸಭೆಗೆ ಸಭೆಯೇ ಬೆರಗಾಯಿತು. ಆಗ ಜೀವವಿಮೆ ಖಾಸಗಿಯವರ ಕೈಯಲ್ಲಿತ್ತು. ಉದ್ಯಮಿ ರಾಮಕೃಷ್ಣ ದಾಲ್ಮಿಯಾ ಅವರ ಹಿಡಿತದಲ್ಲಿದ್ದ ಭಾರತ್ ಇನ್ಶೂರೆನ್ಸ್ ಕಂಪನಿಯಲ್ಲಿ ಪಾಲಿಸಿದಾರರ ಹಣ ಹೇಗೆ ಬೇರೆ ವ್ಯವಹಾರಗಳಿಗೆ ಹರಿದುಹೋಯಿತು ಎಂಬುದನ್ನು ಫಿರೋಜರು ಲೆಕ್ಕ ಸಮೇತ ಬಿಡಿಸಿಟ್ಟರು. ದಾಲ್ಮಿಯಾ ಮುಂದೆ ಜೈಲು ವಾಸ ಅನುಭವಿಸಬೇಕಾಯಿತು. ಮರು ತಿಂಗಳೇ, ಅಂದರೆ 1956ರ ಜನವರಿಯಲ್ಲಿ, ಸರ್ಕಾರ ಜೀವವಿಮೆಯನ್ನು ರಾಷ್ಟ್ರೀಕರಿಸಿತು. 245 ಕಂಪನಿ ಮತ್ತು ಸಂಸ್ಥೆಗಳು ಸೇರಿ ಅದೇ ವರ್ಷ ಸೆಪ್ಟೆಂಬರ್ 1ರಂದು ಜೀವವಿಮಾ ನಿಗಮ, ನಾವೆಲ್ಲಾ ಎಲ್.ಐ.ಸಿ. ಅಂತ ಕರೆಯುವ ಸಂಸ್ಥೆ, ಹುಟ್ಟಿತು.

ಆದರೆ ಸರ್ಕಾರದ ಕೈಗೆ ಬಂದ ಮಾತ್ರಕ್ಕೆ ಹಣ ಭದ್ರವಾಯಿತೇ? ಇಲ್ಲ. ಒಂದು ವರ್ಷ ತುಂಬುವ ಮೊದಲೇ, 1957ರ ಜೂನಿನಲ್ಲಿ, ನಿಗಮವು ಕಲ್ಕತ್ತೆಯ ಹರಿದಾಸ್ ಮುಂಧ್ರಾ ಎಂಬ ವ್ಯಾಪಾರಿಗೆ ಸೇರಿದ ಆರು ಕಂಪನಿಗಳ ಷೇರುಗಳನ್ನು ಸುಮಾರು 1 ಕೋಟಿ 24 ಲಕ್ಷ ರೂಪಾಯಿ ಕೊಟ್ಟು ಖರೀದಿಸಿತು. ಆ ಕಂಪನಿಗಳ ಸ್ಥಿತಿ ಚೆನ್ನಾಗಿರಲಿಲ್ಲ. ಹಣ ಹೂಡುವ ವಿಚಾರಕ್ಕೆಂದೇ ನಿಗಮದಲ್ಲಿ ಒಂದು ಸಮಿತಿ ಇತ್ತು, ಅದನ್ನೂ ಕೇಳಲಿಲ್ಲ.

ಲೋಕಸಭೆಯಲ್ಲಿ ಪ್ರಶ್ನೋತ್ತರ ವೇಳೆ ಎಂದು ಒಂದು ಗಂಟೆ ಮೀಸಲು. ಸದಸ್ಯರು ಮುಂಚೆಯೇ ಪ್ರಶ್ನೆ ಬರೆದು ಕಳಿಸಬೇಕು. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಮಂತ್ರಿಗಳು ಎದ್ದು ನಿಂತು ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆಗಳನ್ನೂ ಎದುರಿಸಬೇಕು. ಮುಂಧ್ರಾ ಷೇರುಗಳ ಬಗ್ಗೆ ಸೆಪ್ಟೆಂಬರಿನಲ್ಲೇ ಸದಸ್ಯರು ಕೇಳಿದ್ದರು. ಸರಿಯಾದ ಉತ್ತರ ಸಿಗಲಿಲ್ಲ. ಫಿರೋಜರು ಬಿಡಲಿಲ್ಲ. ಡಿಸೆಂಬರ್ 16ರಂದು ವಿಷಯವನ್ನು ಚರ್ಚೆಗೆ ತಂದು, ಯಾವ ಷೇರಿಗೆ ಪೇಟೆಯಲ್ಲಿ ಎಷ್ಟು ದರವಿತ್ತು, ನಿಗಮ ಎಷ್ಟು ಕೊಟ್ಟಿತು ಎಂಬುದನ್ನು ಒಂದೊಂದಾಗಿ ಸಭೆಯ ಮುಂದಿಟ್ಟರು. ಉತ್ತರ ಕೊಡಬೇಕಾಗಿದ್ದವರು ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿಯವರು. ಪ್ರಧಾನಿ ಸ್ವಂತ ಮಾವ, ಪಕ್ಷ ತಮ್ಮದೇ ಪಕ್ಷ. ಸುಮ್ಮನಿದ್ದಿದ್ದರೆ ಅವರನ್ನು ಕೇಳುವವರು ಯಾರೂ ಇರಲಿಲ್ಲ. ಮಾತಾಡಿದರೆ ಮನೆಯಲ್ಲೂ ಪಕ್ಷದಲ್ಲೂ ನಿಷ್ಠುರ. ಅವರು ನಿಷ್ಠುರವನ್ನೇ ಆರಿಸಿಕೊಂಡರು.

ಸರ್ಕಾರ ವಿಚಾರಣೆಗೆ ಒಪ್ಪಲೇಬೇಕಾಯಿತು. ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಎಂ.ಸಿ. ಛಾಗ್ಲಾ ಅವರು ಏಕ ಸದಸ್ಯ ಆಯೋಗವಾಗಿ ಬಹಿರಂಗ ವಿಚಾರಣೆ ನಡೆಸಿದರು. ಜನ ಕಿಕ್ಕಿರಿದು ಬಂದದ್ದರಿಂದ ಹೊರಗೆ ಧ್ವನಿವರ್ಧಕ ಹಾಕಿಸಬೇಕಾಯಿತಂತೆ. 1958ರ ಫೆಬ್ರವರಿಯಲ್ಲೇ ವರದಿ ಬಂತು. ಮಂತ್ರಿಗಳು ಸ್ವಂತಕ್ಕೆ ಕಾಸು ತಿಂದರೆಂದು ಯಾರೂ ಸಾಬೀತು ಮಾಡಲಿಲ್ಲ. ಆದರೆ ಇಲಾಖೆಯ ಕಾರ್ಯದರ್ಶಿ ಮಾಡಿದ ಕೆಲಸಕ್ಕೆ ಮಂತ್ರಿಯೇ ಹೊಣೆ, ಅಧಿಕಾರಿಯ ಮೇಲೆ ಹಾಕಿ ಕೈ ತೊಳೆದುಕೊಳ್ಳುವಂತಿಲ್ಲ ಎಂಬುದು ವರದಿಯ ಸಾರ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಟ್ಟರು. ಆ ವರ್ಷದ ಬಜೆಟ್ಟನ್ನು ನೆಹರೂ ಅವರೇ ಮಂಡಿಸಬೇಕಾಯಿತು.

ಫಿರೋಜರ ಇನ್ನೊಂದು ಉಪಕಾರವನ್ನು ಇಲ್ಲಿ ನೆನೆಯಬೇಕು. ಸದನದಲ್ಲಿ ನಡೆದದ್ದನ್ನು ಪತ್ರಿಕೆಗಳು ಹೆದರಿಕೆಯಿಲ್ಲದೆ ಅಚ್ಚು ಹಾಕಲು ರಕ್ಷಣೆ ಕೊಡುವ ಕಾನೂನು 1956ರಲ್ಲಿ ಬಂತು. ಅದು ಅವರು ತಂದ ಖಾಸಗಿ ಮಸೂದೆ. ಪ್ರಶ್ನೆ ಸದನದಲ್ಲೇ ಉಳಿದರೆ ಹಳ್ಳಿಯ ಮತದಾರನಿಗೆ ತಿಳಿಯುವುದು ಹೇಗೆ? ವಿಧಿಯಾಟ ನೋಡಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ ಅವರ ಪತ್ನಿಯ ಸರ್ಕಾರವೇ ಆ ಕಾನೂನನ್ನು ರದ್ದು ಮಾಡಿತು. 1977ರಲ್ಲಿ ಬಂದ ಜನತಾ ಸರ್ಕಾರ ಅದನ್ನು ಮತ್ತೆ ಜಾರಿಗೆ ತಂದಿತು.

ಹೃದಯದ ಕಾಯಿಲೆಯಿಂದ ನರಳುತ್ತಿದ್ದ ಫಿರೋಜರು 1960ರ ಸೆಪ್ಟೆಂಬರ್ 8ರಂದು ದೆಹಲಿಯಲ್ಲಿ ತೀರಿಕೊಂಡರು. 48 ವರ್ಷ ತುಂಬಲು ಇನ್ನೂ ನಾಲ್ಕು ದಿನ ಬಾಕಿ ಇತ್ತು. ಅವರು ಯಾವತ್ತೂ ಕೇಂದ್ರದ ಮಂತ್ರಿಯಾಗಲಿಲ್ಲ.

ನಮ್ಮ ಸಂಘಕ್ಕೂ ಇದರಲ್ಲಿ ಪಾಠವಿದೆ. ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ಸೇರುವುದು ಚಹಾ ಕುಡಿದು ಕೈ ಎತ್ತಿ ಹೋಗುವುದಕ್ಕಲ್ಲ. ಜಮಾ ಖರ್ಚಿನ ಪಟ್ಟಿ ಓದಬೇಕು, ಆಡಿಟ್ ವರದಿ ನೋಡಬೇಕು, ತಿಳಿಯದ್ದನ್ನು ಕೇಳಬೇಕು. ಅಧ್ಯಕ್ಷರು ನೆಂಟರಾಗಿರಬಹುದು, ಕಾರ್ಯದರ್ಶಿ ಗೆಳೆಯರಾಗಿರಬಹುದು. ಲೆಕ್ಕ ಕೇಳಿದರೆ ನೆಂಟಸ್ತಿಕೆ ಕೆಡುತ್ತದೆ ಅಂತ ಹಿಂಜರಿಯುವವರು ಈ ಅಳಿಯನನ್ನು ಒಮ್ಮೆ ನೆನೆಯಲಿ. ಕೇಳುವ ಸದಸ್ಯರೂ, ಬೇಸರಿಸದೆ ಉತ್ತರ ಕೊಡುವ ಆಡಳಿತ ಮಂಡಳಿಯೂ ಇದ್ದರೆ ಬೆಳ್ಳಿ ಹಬ್ಬ ಕಂಡ ಸಂಘ ಚಿನ್ನದ ಹಬ್ಬವನ್ನೂ ಕಾಣುವುದರಲ್ಲಿ ಸಂಶಯವಿಲ್ಲ.