ಎಸ್. ಎಂ. ಪಂಡಿತ

ಸಂಬಾನಂದ ಮೋನಪ್ಪ ಪಂಡಿತ (೨೫ ಮಾರ್ಚ್ ೧೯೧೬ – ೩೦ ಮಾರ್ಚ್ ೧೯೯೩) ಅವರು ಕರ್ನಾಟಕದ ಹೆಸರಾಂತ ಚಿತ್ರಕಲಾವಿದರು. ಚಲನಚಿತ್ರಗಳ ಭಿತ್ತಿಪತ್ರ, ಪತ್ರಿಕೆಗಳ ಮುಖಪುಟ ಹಾಗೂ ಪೌರಾಣಿಕ ಕ್ಯಾಲೆಂಡರ್ ಚಿತ್ರಗಳಿಂದ ಅವರು ದೇಶದಾದ್ಯಂತ ಪರಿಚಿತರಾದರು. ಅವರ ಹೆಸರನ್ನು ಅರಿಯದವರ ಮನೆಯ ಗೋಡೆಯ ಮೇಲೂ ಅವರ ಚಿತ್ರಗಳು ತೂಗುತ್ತಿದ್ದವು.

ಜನನ ಮತ್ತು ಶಿಕ್ಷಣ

ಇಂಡಿ, ಸಿಂದಗಿ ತಾಲೂಕುಗಳ ಪೂರ್ವಕ್ಕಿರುವ ಕಲಬುರಗಿ ಪಂಡಿತರ ಜನ್ಮಸ್ಥಳ. ಆಗ ಅದು ಹೈದರಾಬಾದಿನ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಅವರದು ಲೋಹದ ಕುಶಲಕೆಲಸದ ಮನೆತನ. ಕಲಬುರಗಿಯಲ್ಲಿ ಶಂಕರರಾವ್ ಆಳಂದಕರ ಅವರಲ್ಲಿ ಚಿತ್ರಕಲೆಯ ಮೊದಲ ಪಾಠಗಳನ್ನು ಕಲಿತರು. ಅನಂತರ ಮುಂಬಯಿಗೆ ತೆರಳಿ, ಕನ್ನಡಿಗರೇ ಆದ ಜಿ. ಎಸ್. ದಂಡಾವತಿಮಠ ಅವರ ನೂತನ ಕಲಾಮಂದಿರದಲ್ಲಿಯೂ ಸರ್ ಜೆ. ಜೆ. ಕಲಾಶಾಲೆಯಲ್ಲಿಯೂ ಅಭ್ಯಾಸ ಮಾಡಿದರು.

ಮುಂಬಯಿಯ ವೃತ್ತಿಜೀವನ

೧೯೩೮ರಲ್ಲಿ ಮುಂಬಯಿಯಲ್ಲಿ ಮೆಟ್ರೋ ಚಿತ್ರಮಂದಿರ ಆರಂಭವಾಯಿತು. ಹಾಲಿವುಡ್ಡಿನ ಎಂ.ಜಿ.ಎಂ. ಸಂಸ್ಥೆಯ ಚಿತ್ರಗಳಿಗಾಗಿ ಪಂಡಿತರು ರಚಿಸಿದ ಪ್ರಚಾರ ಫಲಕಗಳು ಜನರ ಗಮನ ಸೆಳೆದವು. ನೀರಿನಲ್ಲಿ ಕಲಸುವ ಪೋಸ್ಟರ್ ಬಣ್ಣದಲ್ಲಿಯೇ ತೈಲವರ್ಣದ ಮೈತುಂಬಿದ ಛಾಯೆಯನ್ನು ತರುವುದು ಅವರಿಗೆ ಸಿದ್ಧಿಸಿತ್ತು. ಈ ಬಣ್ಣ ಬೇಗ ಒಣಗುವುದರಿಂದ ಒಂದು ಛಾಯೆಯನ್ನು ಇನ್ನೊಂದರಲ್ಲಿ ಬೆರೆಸಲು ಕೈ ಚುರುಕಾಗಿರಬೇಕು. ಬಾಬುರಾವ್ ಪಟೇಲರ 'ಫಿಲ್ಮ್ ಇಂಡಿಯಾ' ಪತ್ರಿಕೆಗೆ ಅವರು ಬರೆದ ಮುಖಪುಟಗಳು ಅಂದಿನ ತಾರೆಯರ ಚಹರೆಯನ್ನು ಜನಮನದಲ್ಲಿ ನೆಲೆಗೊಳಿಸಿದವು. ರಾಜ್ ಕಪೂರರ 'ಬರ್ಸಾತ್' (೧೯೪೯) ಚಿತ್ರದ ಭಿತ್ತಿಪತ್ರವೂ ಪಂಡಿತರ ಕುಂಚದ್ದು. ಮುಂದೆ ಅವರು ಸ್ವಂತ ಸ್ಟುಡಿಯೋ ತೆರೆದರು.

ಭಿತ್ತಿಪತ್ರದ ಆಯುಷ್ಯ ಸಿನಿಮಾ ಓಡುವಷ್ಟು ದಿನ ಮಾತ್ರ. ಮರುವಾರ ಅದರ ಮೇಲೆ ಇನ್ನೊಂದನ್ನು ಅಂಟಿಸುತ್ತಾರೆ. ಕ್ಯಾಲೆಂಡರ್ ಹಾಗಲ್ಲ, ವರ್ಷ ಮುಗಿದರೂ ದೇವರ ಚಿತ್ರವನ್ನು ಹರಿದೆಸೆಯಲು ಮನೆಯವರಿಗೆ ಮನಸ್ಸು ಬಾರದು, ಕಟ್ಟು ಹಾಕಿಸಿ ಪೂಜೆಗೆ ಇಡುತ್ತಾರೆ. ರಾಧಾ-ಕೃಷ್ಣ, ನಳ-ದಮಯಂತಿ, ವಿಶ್ವಾಮಿತ್ರ-ಮೇನಕೆಯರ ಚಿತ್ರಗಳು ಈ ಹಾದಿಯಲ್ಲಿಯೇ ಮನೆಮನೆ ತಲುಪಿದವು. ರಾಜಾ ರವಿವರ್ಮನ (೧೮೪೮–೧೯೦೬) ಮುದ್ರಿತ ಚಿತ್ರಗಳ ಪರಂಪರೆಯನ್ನು ಮುಂದುವರಿಸಿದರೂ ಪಂಡಿತರ ದೇವತೆಗಳ ನಿಲುವು ಬೇರೆ. ದೃಢಕಾಯದ ಪುರುಷರು, ಬೆಳಕು ತಾಕಿ ಹೊಳೆಯುವ ಮೈಬಣ್ಣ, ತಾರೆಯರಂಥ ಮುಖಭಾವ—ಇವೆಲ್ಲ ಸಿನಿಮಾ ಫಲಕಗಳ ಅನುಭವದಿಂದ ಬಂದವು.

ಇಂಥ ಚಿತ್ರಗಳನ್ನು ಬಜಾರು ಕಲೆಯೆಂದು ಬದಿಗಿಟ್ಟವರು ಉಂಟು. ಗ್ಯಾಲರಿಯ ಮೆಟ್ಟಿಲು ಹತ್ತದ ಜನರಿಗೆ ದೇಹರಚನೆ, ನೆರಳು-ಬೆಳಕುಗಳ ಸೊಗಸು ಕಂಡದ್ದು ಆ ಬಜಾರಿನಿಂದಲೇ ಎಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕಲಬುರಗಿಗೆ ಮರಳಿಕೆ

೧೯೬೦ರ ದಶಕದ ಕೊನೆಯ ಭಾಗದಲ್ಲಿ ಪಂಡಿತರು ಮುಂಬಯಿಯನ್ನು ಬಿಟ್ಟು ಹುಟ್ಟೂರಿಗೆ ಮರಳಿದರು. ದೇವಿಯ ಉಪಾಸಕರಾಗಿದ್ದ ಅವರು ಇಲ್ಲಿ ತೈಲವರ್ಣದ ದೊಡ್ಡ ಚಿತ್ರಗಳಲ್ಲಿ ತೊಡಗಿದರು. ಕನ್ಯಾಕುಮಾರಿಯಲ್ಲಿರುವ ಅವರ ವಿವೇಕಾನಂದರ ಚಿತ್ರ ಬಹು ಪ್ರಸಿದ್ಧ. ಲಂಡನ್ನಿನಲ್ಲಿಯೂ ಅವರ ಕೃತಿಗಳು ಪ್ರದರ್ಶನಗೊಂಡವು. ಕಲಬುರಗಿಯ ಡಾ. ಎಸ್. ಎಂ. ಪಂಡಿತ ರಂಗಮಂದಿರಕ್ಕೆ ಅವರ ಹೆಸರನ್ನೇ ಇಡಲಾಗಿದೆ.